ಬತ್ತಿದ ಹಳ್ಳಕ್ಕೆ ಮರುಜೀವ: ಕಲ್ಲು, ಹುಲ್ಲು ಮತ್ತು ಬೇರಿನ ಕೆಲಸ

ಹನಿ ಹನಿ ಗೂಡಿದರೆ ಹಳ್ಳ ಎಂಬ ಮಾತು ನಮ್ಮ ರೈತರಿಗೆಲ್ಲ ಗೊತ್ತು. ಆದರೆ ಬಯಲುಸೀಮೆಯ ಅನೇಕ ಹಳ್ಳಿಗಳಲ್ಲಿ ಇಂದು ಹನಿಗಳೇನೋ ಕೂಡುತ್ತವೆ, ಹಳ್ಳ ಮಾತ್ರ ನಿಲ್ಲುವುದಿಲ್ಲ. ಮಳೆ ಬಂದ ದಿನ ಕೆಂಪು ನೀರು ದಂಡೆ ಮೀರಿ ಭೋರ್ಗರೆಯುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಪಾತ್ರದಲ್ಲಿ ಕಲ್ಲು, ಕೆಸರು, ಹರಿದು ಬಂದ ಕಸ ಇಷ್ಟೇ ಉಳಿದಿರುತ್ತದೆ. ಊರಿನ ಹಿರಿಯರನ್ನು ಕೇಳಿದರೆ, ಸಂಕ್ರಾಂತಿಯವರೆಗೂ ಇದೇ ಹಳ್ಳದಲ್ಲಿ ದನಗಳಿಗೆ ನೀರು ಕುಡಿಸುತ್ತಿದ್ದೆವು ಎಂದು ಹೇಳುತ್ತಾರೆ.

ಹಳ್ಳ ಕೆಟ್ಟರೆ ನಷ್ಟ ಎರಡು ಬಗೆಯದು. ಮೊದಲನೆಯದು ನೀರಿನದು. ಹಳ್ಳ ಬೇಗ ಬತ್ತಿದರೆ ಅದರ ಅಕ್ಕಪಕ್ಕದ ಬಾವಿಗಳೂ ಬೇಗ ಇಳಿಯುತ್ತವೆ. ಎರಡನೆಯದು ಮಣ್ಣಿನದು. ನೂರು ಮೀಟರು ಉದ್ದದ ದಂಡೆ ಒಂದು ಮೀಟರು ಕುಸಿದರೆ ಒಂದು ಗುಂಟೆ ಜಮೀನು ಹೋಯಿತೆಂದೇ ಲೆಕ್ಕ. ಪಹಣಿಯಲ್ಲಿ ಆ ಗುಂಟೆ ಹಾಗೆಯೇ ಇರುತ್ತದೆ, ಹೊಲದಲ್ಲಿ ಇರುವುದಿಲ್ಲ.

ಇಂತಹ ಹಳ್ಳವನ್ನು ಮೊದಲಿನ ಸ್ಥಿತಿಗೆ ತರಲು ಭಾರಿ ಕಾಂಕ್ರೀಟು ಕೆಲಸವೇ ಬೇಕೆಂಬ ಭಾವನೆ ಹಲವರಲ್ಲಿದೆ. ಅದು ಸರಿಯಲ್ಲ. ಸಣ್ಣ ಹಳ್ಳಗಳ ಮಟ್ಟಿಗೆ ಕಲ್ಲು, ಹುಲ್ಲು, ಗೂಟ ಮತ್ತು ಮರದ ಬೇರುಗಳಿಂದಲೇ ಹೆಚ್ಚಿನ ಕೆಲಸ ಸಾಧ್ಯ. ಅದರ ಕ್ರಮ, ಅಳತೆ ಮತ್ತು ಎಚ್ಚರಿಕೆಗಳನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

ಹಳ್ಳ ಕೆಟ್ಟಿದೆ ಎಂದು ತಿಳಿಯುವುದು ಹೇಗೆ?

ಬೇಸಿಗೆಯಲ್ಲಿ ಒಂದು ದಿನ ಹಳ್ಳದ ತಲೆಯಿಂದ ಕೆರೆಯ ಬಾಯಿಯವರೆಗೆ ನಡೆದು ನೋಡಿರಿ. ಈ ಕೆಳಗಿನ ಲಕ್ಷಣಗಳಲ್ಲಿ ಎರಡು ಮೂರು ಕಂಡುಬಂದರೂ ಹಳ್ಳ ಕೆಟ್ಟಿದೆಯೆಂದು ತಿಳಿಯತಕ್ಕದ್ದು.

1. ದಂಡೆಗಳು ಗೋಡೆಯಂತೆ ನೆಟ್ಟಗೆ ನಿಂತಿವೆ. ಬುಡದಲ್ಲಿ ಮಣ್ಣು ಕೊರೆದು ಗುಹೆಯಂತಾಗಿದೆ.
2. ದಂಡೆಯ ಮರಗಳ ಬೇರುಗಳು ಗಾಳಿಯಲ್ಲಿ ಜೋತುಬಿದ್ದಿವೆ.
3. ಪಾತ್ರದಲ್ಲಿ ಮರಳಿಲ್ಲ, ಬರಿಯ ಬಂಡೆ ಅಥವಾ ಗಟ್ಟಿ ಗೋಡು ಕಾಣುತ್ತಿದೆ.
4. ಹಿಂದೆ ಮಕ್ಕಳು ಈಜುತ್ತಿದ್ದ ಮಡುಗಳು ಹೂಳಿನಿಂದ ಮುಚ್ಚಿಹೋಗಿವೆ.
5. ಹೊಲದಿಂದ ಹಳ್ಳಕ್ಕೆ ನೀರು ಬೀಳುವ ಜಾಗದಲ್ಲಿ ಮೆಟ್ಟಿಲಿನಂತೆ ಕಡಿದು, ಆ ಕಡಿತ ವರ್ಷದಿಂದ ವರ್ಷಕ್ಕೆ ಹೊಲದೊಳಕ್ಕೆ ನುಗ್ಗುತ್ತಿದೆ.

ಇವುಗಳಲ್ಲಿ ಐದನೆಯದು ಅತ್ಯಂತ ಅಪಾಯದ ಗುರುತು. ಒಂದು ಮಳೆಗಾಲದಲ್ಲಿ ಕೆಲವೇ ಅಡಿ ಸರಿದರೂ, ಕೊರಕಲು ತನ್ನಷ್ಟಕ್ಕೆ ತಾನೇ ನಿಲ್ಲುವುದು ಅಪರೂಪ.

ಹಳ್ಳ ಕೆಡಲು ಕಾರಣವೇನು?

ಮೊದಲು ನೀರಿನ ಲೆಕ್ಕ ನೋಡೋಣ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು 10,000 ಲೀಟರು ನೀರು. ನೂರು ಹೆಕ್ಟೇರಿನ ಸಣ್ಣ ಜಲಾನಯನ ಪ್ರದೇಶದ ಮೇಲೆ 30 ಮಿ.ಮೀ. ಮಳೆಯಾದರೆ 3 ಕೋಟಿ ಲೀಟರು. ಇದರಲ್ಲಿ ಕಾಲು ಭಾಗ ಮಾತ್ರ ಹರಿದು ಬಂದಿತೆಂದರೂ 75 ಲಕ್ಷ ಲೀಟರು ನೀರು ಕೆಲವೇ ಗಂಟೆಗಳಲ್ಲಿ ಹಳ್ಳಕ್ಕೆ ಇಳಿಯುತ್ತದೆ. ಬದು ಒಡೆದ ಹೊಲ, ಹುಲ್ಲಿಲ್ಲದ ಗೋಮಾಳ, ಬೋಳು ಗುಡ್ಡ ಇವುಗಳಿಂದ ಬರುವ ನೀರು ಇನ್ನೂ ಹೆಚ್ಚು, ಇನ್ನೂ ಬೇಗ.

ಎರಡನೆಯದು ನೀರಿನ ವೇಗ. ಹರಿಯುವ ನೀರಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಎರಡು ಪಟ್ಟಲ್ಲ, 64 ಪಟ್ಟು ಹೆಚ್ಚುತ್ತದೆ. ಸಾಧಾರಣ ಮಳೆಗೆ ಗೋಲಿಯಷ್ಟು ಕಲ್ಲನ್ನು ತಳ್ಳುತ್ತಿದ್ದ ಹಳ್ಳ ಒಂದು ದೊಡ್ಡ ಮಳೆಗೆ ತೆಂಗಿನಕಾಯಿ ಗಾತ್ರದ ಕಲ್ಲನ್ನು ಉರುಳಿಸುವುದು ಇದೇ ಕಾರಣದಿಂದ. ಹುಲ್ಲಿಲ್ಲದ ಮರಳುಮಿಶ್ರಿತ ಮಣ್ಣು ಸೆಕೆಂಡಿಗೆ ಸುಮಾರು ಅರ್ಧ ಮೀಟರು ವೇಗದ ನೀರಿಗೇ ಕೊಚ್ಚಿಹೋಗುತ್ತದೆ. ಅದೇ ಮಣ್ಣಿನ ಮೇಲೆ ದಟ್ಟವಾದ ಹುಲ್ಲಿನ ಹೊದಿಕೆ ಇದ್ದರೆ ಸುಮಾರು ಒಂದೂವರೆ ಮೀಟರು ವೇಗವನ್ನು ತಾಳಿಕೊಳ್ಳುತ್ತದೆ. ಆದುದರಿಂದ ಹಳ್ಳದ ದುರಸ್ತಿ ಎಂದರೆ ಮುಖ್ಯವಾಗಿ ನೀರಿನ ವೇಗ ತಗ್ಗಿಸುವ ಕೆಲಸ.

ಆರೋಗ್ಯವಾದ ಹಳ್ಳದಲ್ಲಿ ಈ ವೇಗವನ್ನು ತಗ್ಗಿಸಲು ಪ್ರಕೃತಿಯೇ ಐದು ಏರ್ಪಾಡುಗಳನ್ನು ಮಾಡಿಕೊಂಡಿರುತ್ತದೆ: ತಿರುವುಗಳು, ಮಡುಗಳು, ಮರಳು, ದಂಡೆಯ ಬೇರುಗಳು ಮತ್ತು ನೆರೆ ಬಂದಾಗ ನೀರು ಹರಡಿಕೊಳ್ಳಲು ಪಕ್ಕದ ತಗ್ಗು ಬಯಲು. ನಾವು ಉಳುಮೆಯ ಜಾಗ ಹೆಚ್ಚಿಸಲೆಂದು ತಿರುವನ್ನು ನೇರ ಮಾಡಿದೆವು. ದಂಡೆಯ ಅಂಚಿನವರೆಗೆ ನೇಗಿಲು, ಈಚೆಗೆ ಟ್ರ್ಯಾಕ್ಟರು ಹೊಡೆದೆವು. ಹೊಂಗೆ, ಹೊಳೆಮತ್ತಿ ಮರಗಳನ್ನು ಸೌದೆಗೆ ಕಡಿದೆವು. ಮರಳನ್ನು ಕಟ್ಟಡಕ್ಕೆ ಸಾಗಿಸಿದೆವು. ಒಂದೊಂದು ಸಣ್ಣ ಕೆಲಸವೇ ಸರಿ. ಎಲ್ಲ ಸೇರಿ ಹಳ್ಳ ಚರಂಡಿಯಾಯಿತು.

ಮರಳಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ದಪ್ಪ ಮರಳು ತನ್ನ ಗಾತ್ರದ ಸುಮಾರು ಕಾಲು ಭಾಗದಷ್ಟು ನೀರನ್ನು ಹಿಡಿದಿಟ್ಟು ಮತ್ತೆ ಬಿಟ್ಟುಕೊಡಬಲ್ಲದು. ನೂರು ಮೀಟರು ಉದ್ದ, ಐದು ಮೀಟರು ಅಗಲ, ಒಂದು ಮೀಟರು ಆಳ ಮರಳಿರುವ ಪಾತ್ರದಲ್ಲಿ ಸುಮಾರು 1,25,000 ಲೀಟರು ನೀರು ಅಡಗಿರುತ್ತದೆ. ಮೇಲ್ಮೈಯಿಂದ ಎರಡಡಿಗಿಂತ ಕೆಳಗಿರುವ ನೀರು ಬಿಸಿಲಿಗೆ ಆರುವುದೂ ಬಹಳ ಕಡಿಮೆ. ತುಮಕೂರು ಜಿಲ್ಲೆಯ ಪಾವಗಡ, ಮಧುಗಿರಿ ಕಡೆಯ ತಲಪರಿಗೆಗಳು ಭೂಮಿಯ ಮೇಲ್ಪದರದ ಇಂತಹ ನೀರನ್ನೇ ನಂಬಿದ್ದ ಒರತೆಗಳು. ಮರಳು ಬಗೆದುಹೋದ ಕಡೆ, ಕೊಳವೆ ಬಾವಿಗಳು ಹೆಚ್ಚಿದ ಕಡೆ ಇಂತಹ ಒರತೆ ಉಳಿಯಲಾರದು. ಒಂದು ಲೋಡು ಮರಳು ಮಾರಿದವನು ಮರಳಿನ ಜೊತೆಗೆ ಅದು ಹಿಡಿಯುತ್ತಿದ್ದ ನೀರನ್ನೂ ಮಾರಿದ್ದಾನೆಂದು ತಿಳಿಯಬೇಕು.

ನೇರ ಮಾಡಿದ ನದಿಯೊಂದರ ಪಾಠ

ಹಳ್ಳವನ್ನು ನೇರ ಮಾಡಿ, ಆಳ ತೋಡಿ, ನೀರನ್ನು ಬೇಗ ಸಾಗಿಸಿದರೆ ನೆರೆಯ ಕಾಟ ತಪ್ಪುತ್ತದೆಂಬ ಯೋಚನೆ ನಮ್ಮಲ್ಲಿ ಮಾತ್ರ ಇದ್ದುದಲ್ಲ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಕಿಸಿಮ್ಮಿ ಎಂಬ ನದಿ ಸುಮಾರು 166 ಕಿ.ಮೀ. ದೂರ ಅಂಕುಡೊಂಕಾಗಿ ಹರಿಯುತ್ತಿತ್ತು. ನೆರೆ ತಡೆಯಲೆಂದು 1962ರಿಂದ 1971ರವರೆಗೆ ಅದನ್ನು ತೋಡಿ, ಸುಮಾರು 90 ಕಿ.ಮೀ. ಉದ್ದದ ನೇರ ಕಾಲುವೆಯಾಗಿ ಮಾರ್ಪಡಿಸಲಾಯಿತು. ನೀರು ಬೇಗ ಹೋಯಿತು ನಿಜ. ಆದರೆ ಅಕ್ಕಪಕ್ಕದ ಜೌಗು ಬಯಲುಗಳು ಒಣಗಿದವು, ಮೀನು ಮತ್ತು ನೀರುಹಕ್ಕಿಗಳು ಕ್ಷೀಣಿಸಿದವು. ಬಯಲಿನಲ್ಲಿ ಇಂಗಿ ಸೋಸಿಹೋಗಬೇಕಾಗಿದ್ದ ಗೊಬ್ಬರದ ಅಂಶ ನೇರವಾಗಿ ಕೆಳಗಿನ ದೊಡ್ಡ ಸರೋವರಕ್ಕೆ ಸೇರತೊಡಗಿತು.

ಕಡೆಗೆ ಅದೇ ಸರ್ಕಾರ 1992ರಲ್ಲಿ ನದಿಯನ್ನು ಹಿಂದಿನಂತೆ ಮಾಡಲು ಒಪ್ಪಿಗೆ ಕೊಟ್ಟಿತು. 1999ರಲ್ಲಿ ಕಾಲುವೆ ಮುಚ್ಚುವ ಕೆಲಸ ಆರಂಭವಾಗಿ 2021ರಲ್ಲಿ ಮುಗಿಯಿತು. ಸುಮಾರು 35 ಕಿ.ಮೀ. ಕಾಲುವೆಯನ್ನು, ತೋಡಿ ಹಾಕಿದ್ದ ಮಣ್ಣಿನಿಂದಲೇ ಮತ್ತೆ ಮುಚ್ಚಿ, ನೀರನ್ನು ಹಳೆಯ ತಿರುವುಗಳಿಗೆ ಹರಿಯಬಿಟ್ಟರು. ಖರ್ಚು ಸುಮಾರು ನೂರು ಕೋಟಿ ಡಾಲರು. ತೋಡಲು ಹಿಡಿದದ್ದು ಒಂಬತ್ತು ವರ್ಷ, ಸರಿಪಡಿಸಲು ಇಪ್ಪತ್ತೆರಡು ವರ್ಷ. ನಮ್ಮ ಹಳ್ಳ ಅದರ ಮುಂದೆ ಬಹಳ ಚಿಕ್ಕದು, ಆದರೆ ಪಾಠ ಒಂದೇ. ಜೆ.ಸಿ.ಬಿ. ಯಂತ್ರದಿಂದ ಒಂದೇ ದಿನದಲ್ಲಿ ನೇರ ಮಾಡಿದ ತಿರುವನ್ನು ಮತ್ತೆ ತರುವುದು ಸುಲಭವಲ್ಲ.

ಪರಿಸರ ಇಂಜಿನಿಯರಿಂಗ್ ಎಂದರೇನು?

ಈ ಹೆಸರನ್ನು 1960ರ ದಶಕದಲ್ಲಿ ಬಳಕೆಗೆ ತಂದವರು ಅಮೆರಿಕದ ಪರಿಸರ ವಿಜ್ಞಾನಿ ಹೊವರ್ಡ್ ಓಡಂ. ಅವರ ಅಭಿಪ್ರಾಯದ ಸಾರಾಂಶ ಇಷ್ಟು: ಮನುಷ್ಯ ಹಾಕುವ ಶ್ರಮ ಚಿಕ್ಕದಿರಬೇಕು, ಉಳಿದ ಕೆಲಸವನ್ನು ಪ್ರಕೃತಿಯ ಶಕ್ತಿಯೇ ಮಾಡುವಂತೆ ಅಣಿಗೊಳಿಸಬೇಕು. ಹೆಪ್ಪು ಹಾಕುವ ಗೃಹಿಣಿಗೆ ಇದು ಹೊಸ ಮಾತಲ್ಲ. ಅವಳು ಹಾಕುವುದು ಒಂದು ಚಮಚ ಮಜ್ಜಿಗೆ, ಮೊಸರು ಮಾಡುವುದು ಅದರಲ್ಲಿರುವ ಜೀವಾಣುಗಳು.

ಹಳ್ಳದಲ್ಲಿಯೂ ಹಾಗೆಯೇ. ನಾವು ಒಂದು ಸಾಲು ಕಲ್ಲು ಇಡುತ್ತೇವೆ. ಹೂಳನ್ನು ತಂದು ತುಂಬುವುದು ನೀರು. ಆ ಹೂಳಿನಲ್ಲಿ ಹುಲ್ಲು ಹುಟ್ಟುತ್ತದೆ, ಹುಲ್ಲು ಇನ್ನಷ್ಟು ಹೂಳು ಹಿಡಿಯುತ್ತದೆ, ಅದರ ನೆರಳಿನಲ್ಲಿ ಪೊದೆ, ಪೊದೆಯ ಆಸರೆಯಲ್ಲಿ ಮರ ಬರುತ್ತದೆ. ಕಾಂಕ್ರೀಟು ಗೋಡೆ ಕಟ್ಟಿದ ದಿನವೇ ಅತಿ ಬಲವಾಗಿರುತ್ತದೆ, ಆಮೇಲೆ ದಿನೇ ದಿನೇ ಹಳತಾಗುತ್ತದೆ. ಬೇರಿನ ಗೋಡೆ ನೆಟ್ಟ ದಿನ ಬಹಳ ದುರ್ಬಲ, ವರ್ಷ ಕಳೆದಂತೆ ಬಲಗೊಳ್ಳುತ್ತದೆ. ಆದುದರಿಂದ ಮೊದಲ ಎರಡು ಮಳೆಗಾಲದ ಪಾಲನೆಯೇ ಈ ವಿಧಾನದ ಜೀವಾಳ.

ಕೆಲಸದ ಕ್ರಮ

(ಅ) ಅಳತೆ ಮತ್ತು ಒಪ್ಪಿಗೆ

ಹಳ್ಳದ ಪಾತ್ರ ಸಾಮಾನ್ಯವಾಗಿ ದಾಖಲೆಗಳಲ್ಲಿ ಬಿ ಖರಾಬು ಎಂದಿರುತ್ತದೆ. ಅದು ಯಾರೊಬ್ಬರ ಸ್ವತ್ತೂ ಅಲ್ಲ. ಆದುದರಿಂದ ಗ್ರಾಮ ಪಂಚಾಯಿತಿಗೆ ತಿಳಿಸಿ, ಎರಡೂ ದಂಡೆಯ ರೈತರನ್ನು ಒಟ್ಟಿಗೆ ಕೂರಿಸಿ ಒಪ್ಪಿಸಿಕೊಂಡ ಮೇಲೆಯೇ ಕೆಲಸ ಹಿಡಿಯಬೇಕು. ಒಂದು ದಂಡೆಗೆ ಮಾತ್ರ ಕಲ್ಲು ಜೋಡಿಸಿದರೆ ನೀರು ಎದುರು ದಂಡೆಯನ್ನು ಕೊರೆಯುತ್ತದೆ. ಅಲ್ಲಿಂದ ವ್ಯಾಜ್ಯ ಶುರುವಾಗುತ್ತದೆ.

ಪಾತ್ರದ ಇಳಿಜಾರನ್ನು ಗಾರೆಯವರು ಮಟ್ಟ ನೋಡಲು ಬಳಸುವ ನೀರಿನ ಪೈಪಿನಿಂದಲೇ ಅಳೆಯಬಹುದು. ನೂರು ಮೀಟರು ದೂರಕ್ಕೆ ಎಷ್ಟು ಮೀಟರು ಇಳಿಯುತ್ತದೆಂದು ಬರೆದಿಟ್ಟುಕೊಳ್ಳಿ. ಮಳೆಗಾಲದಲ್ಲಿ ದಂಡೆಯ ಮೇಲೆ ನಿಂತೇ ನೀರಿನ ವೇಗವನ್ನೂ ಅಳೆಯಬಹುದು. ದಂಡೆಯ ಉದ್ದಕ್ಕೆ 20 ಮೀಟರು ಗುರುತು ಮಾಡಿ, ಒಣ ಕಡ್ಡಿಯೊಂದನ್ನು ನೀರಿಗೆ ಎಸೆದು, ಎಷ್ಟು ಸೆಕೆಂಡಿನಲ್ಲಿ ಆ ದೂರ ದಾಟಿತೆಂದು ಗಡಿಯಾರದಲ್ಲಿ ನೋಡಿರಿ. 10 ಸೆಕೆಂಡಾದರೆ ಮೇಲ್ಮೈ ವೇಗ ಸೆಕೆಂಡಿಗೆ 2 ಮೀಟರು. ಒಟ್ಟು ನೀರಿನ ಸರಾಸರಿ ವೇಗ ಇದಕ್ಕಿಂತ ಸ್ವಲ್ಪ ಕಡಿಮೆ, ಸುಮಾರು 1.7 ಮೀಟರು ಇರುತ್ತದೆ. ನೆರೆ ಬಂದಾಗ ಮಾತ್ರ ಹಳ್ಳಕ್ಕೆ ಇಳಿಯಬಾರದು.

(ಆ) ಮೇಲಿನಿಂದ ಕೆಳಕ್ಕೆ

ಕೆಲಸವನ್ನು ಯಾವಾಗಲೂ ಗುಡ್ಡದ ನೆತ್ತಿಯಿಂದ ಆರಂಭಿಸಬೇಕು. ಮೇಲಿನ ಗೋಮಾಳದಲ್ಲಿ ಕೆಲವು ಕಾಲ ದನ ಮೇಯಿಸುವುದನ್ನು ನಿಲ್ಲಿಸಿ ಹುಲ್ಲು ಬರಗೊಡುವುದು, ಸಮಪಾತಳಿ ರೇಖೆಯಲ್ಲಿ ಕಂದಕ ತೆಗೆಯುವುದು, ಹೊಲದ ಬದುಗಳನ್ನು ಭದ್ರಪಡಿಸಿ ಹೆಚ್ಚುವರಿ ನೀರು ಇಳಿಯಲು ಕಲ್ಲಿನ ಕೋಡಿ ಮಾಡುವುದು ಮೊದಲ ಕೆಲಸಗಳು. ಮೇಲೆ ಏನೂ ಮಾಡದೆ ಕೆಳಗೆ ತಡೆ ಕಟ್ಟಿದರೆ, ಒಂದೆರಡು ಮಳೆಗೇ ಅದು ಹೂಳು ತುಂಬಿ ನಿಲ್ಲುತ್ತದೆ ಅಥವಾ ಕೊಚ್ಚಿಹೋಗುತ್ತದೆ. ಕೆಳಗಿನ ಊರಿನವರಿಗೆ ಇದನ್ನು ಒಪ್ಪಿಸುವುದು ಕಷ್ಟವೆಂದು ವಿಸ್ತರಣಾ ಕಾರ್ಯಕರ್ತರಿಗೆ ಗೊತ್ತು. ಆದರೂ ಬಿಡಬಾರದು.

(ಇ) ಕಲ್ಲು ತಡೆ

ಜಲಾನಯನ ಕಾಮಗಾರಿಗಳಲ್ಲಿ ಬೋಲ್ಡರ್ ಚೆಕ್ ಎಂದು ಕರೆಯುವುದು ಇದನ್ನೇ. ಇದಕ್ಕೆ ಸಿಮೆಂಟು ಬೇಡ. ನೀರು ಸಂದಿಗಳಲ್ಲಿ ಸೋರಿ ಮುಂದೆ ಹೋಗುತ್ತದೆ, ಹೂಳು ಹಿಂದೆ ಉಳಿಯುತ್ತದೆ. ಸಣ್ಣ ಹಳ್ಳ ಮತ್ತು ಕೊರಕಲುಗಳಿಗೆ ಅನುಸರಿಸಬೇಕಾದ ಅಳತೆಗಳು ಈ ರೀತಿ ಇವೆ.

1. ಎತ್ತರ ಒಂದು ಮೀಟರು ಮೀರಬಾರದು. ಮುಕ್ಕಾಲು ಮೀಟರು ಉತ್ತಮ.
2. ಪಾತ್ರದಲ್ಲಿ ಒಂದು ಅಡಿ ಆಳ ಅಡಿಪಾಯ ತೆಗೆಯಬೇಕು. ಎರಡೂ ದಂಡೆಯೊಳಕ್ಕೆ ಕನಿಷ್ಠ ಅರ್ಧ ಮೀಟರು ಕಲ್ಲು ಸೇರಿಸಬೇಕು.
3. ತಡೆಯ ಮಧ್ಯಭಾಗ ಅಂಚುಗಳಿಗಿಂತ 20ರಿಂದ 30 ಸೆಂ.ಮೀ. ತಗ್ಗಾಗಿರಬೇಕು. ಮಧ್ಯ ಉಬ್ಬಿ ಅಂಚು ತಗ್ಗಾದರೆ ನೀರು ದಂಡೆ ಕೊರೆದು ಪಕ್ಕದಿಂದ ದಾರಿ ಮಾಡಿಕೊಳ್ಳುತ್ತದೆ. ಅನೇಕ ತಡೆಗಳು ಹಾಳಾಗುವುದು ಈ ಒಂದು ತಪ್ಪಿನಿಂದಲೇ.
4. ನೀರು ಬರುವ ಕಡೆ 1:1 ಇಳಿಜಾರು, ನೀರು ಇಳಿಯುವ ಕಡೆ ಒಂದಕ್ಕೆ ಎರಡರಷ್ಟು ಚಾಚು ಇರಬೇಕು.
5. ನೀರು ಬೀಳುವ ಜಾಗದಲ್ಲಿ ತಡೆಯ ಎತ್ತರದ ಒಂದೂವರೆ ಪಟ್ಟು ಉದ್ದಕ್ಕೆ ಕಲ್ಲು ಹಾಸಬೇಕು.
6. ದೊಡ್ಡ ಕಲ್ಲುಗಳು ಇಳಿಯುವ ಕಡೆ ಮತ್ತು ನೆತ್ತಿಯ ಮೇಲೆ, ಸಣ್ಣ ಕಲ್ಲುಗಳು ಒಳಗೆ ಬರಬೇಕು. ಉರುಟು ಕಲ್ಲಿಗಿಂತ ಮೂಲೆಯುಳ್ಳ ಕಲ್ಲು ಮೇಲು.

ತಡೆಗಳ ನಡುವಿನ ಅಂತರಕ್ಕೆ ಒಂದು ಸುಲಭ ಸೂತ್ರವಿದೆ. ಕೆಳಗಿನ ತಡೆಯ ನೆತ್ತಿ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರಬೇಕು. ಪಾತ್ರ ನೂರು ಮೀಟರಿಗೆ 3 ಮೀಟರು ಇಳಿಯುತ್ತಿದ್ದು, ತಡೆಯ ಎತ್ತರ 75 ಸೆಂ.ಮೀ. ಇದ್ದರೆ ಅಂತರ 25 ಮೀಟರು. ಒಂದೇ ದೊಡ್ಡ ಕಟ್ಟೆಗಿಂತ ಇಂತಹ ನಾಲ್ಕು ತಗ್ಗು ತಡೆಗಳು ಹೆಚ್ಚು ಭದ್ರ. ಒಂದು ಹೋದರೂ ಉಳಿದ ಮೂರು ಇರುತ್ತವೆ.

ಕಲ್ಲು ಸಿಗದ ಕಡೆ ಗೂಟದ ತಡೆ ಮಾಡಬಹುದು. ಚಿಗುರುವ ಜಾತಿಯ ಗೂಟಗಳನ್ನು ಎರಡು ಸಾಲು ನೆಟ್ಟು, ನಡುವೆ ಲಂಟಾನ ಅಥವಾ ಬಳ್ಳಾರಿ ಜಾಲಿಯ ಒಣ ರೆಂಬೆಗಳನ್ನು ತುಳಿದು ತುಂಬಿ, ಮೇಲೆ ಅಡ್ಡಗಳು ಕಟ್ಟಬೇಕು. ಬೀಜವಿರುವ ರೆಂಬೆಗಳನ್ನು ಬಳಸಬಾರದು. ಕಲ್ಲು ತಡೆಯಾಗಲಿ ಗೂಟದ ತಡೆಯಾಗಲಿ ಕೊರಕಲು ಮತ್ತು ಸಣ್ಣ ಹಳ್ಳಗಳಿಗೆ ಮಾತ್ರ. ದೊಡ್ಡ ಹಳ್ಳ, ಹೊಳೆಗಳಲ್ಲಿ ಇಂಜಿನಿಯರರ ವಿನ್ಯಾಸವಿಲ್ಲದೆ ಅಡ್ಡ ಕಟ್ಟಲು ಹೋಗಬಾರದು.

(ಈ) ದಂಡೆಯ ರಕ್ಷಣೆ

ದಂಡೆ ಕುಸಿಯುವುದು ತಿರುವಿನ ಹೊರಮೈಯಲ್ಲಿ. ಒಳಮೈಯಲ್ಲಿ ಮರಳು ಕೂರುತ್ತದೆ. ಆದುದರಿಂದ ಇಡೀ ಹಳ್ಳಕ್ಕೆ ಖರ್ಚು ಮಾಡದೆ ಹೊರಮೈಗಳನ್ನು ಮೊದಲು ಹಿಡಿಯಬೇಕು. ನೆಟ್ಟಗಿರುವ ದಂಡೆಯನ್ನು ಒಂದಕ್ಕೆ ಎರಡರ ಇಳಿಜಾರಿಗೆ ಕಡಿದು, ಬುಡಕ್ಕೆ ದಪ್ಪ ಕಲ್ಲುಗಳನ್ನು ಒಂದು ಸಾಲು ಹೂಳಿ ನಿಲ್ಲಿಸಬೇಕು. ಬುಡ ಭದ್ರವಾಗದೆ ಮೇಲೆ ಎಷ್ಟು ಗಿಡ ನೆಟ್ಟರೂ ಪ್ರಯೋಜನವಿಲ್ಲ.

ನಂತರ ಲಕ್ಕಿ, ಗ್ಲಿರಿಸಿಡಿಯ ಅಥವಾ ಹಾಲವಾಣದ ಹಸಿ ಗೂಟಗಳನ್ನು ನೆಡಬೇಕು. ಗೂಟ ಎರಡರಿಂದ ಮೂರು ಅಡಿ ಉದ್ದ, ಹೆಬ್ಬೆರಳಿನಷ್ಟು ಅಥವಾ ಸ್ವಲ್ಪ ಹೆಚ್ಚು ದಪ್ಪ ಇರಲಿ. ಬುಡವನ್ನು ಓರೆಯಾಗಿ ಕತ್ತರಿಸಿ, ಕಡಿದ ದಿನವೇ, ಮೂರರಲ್ಲಿ ಎರಡು ಭಾಗ ಮಣ್ಣಿನಲ್ಲಿ ಇಳಿಯುವಂತೆ, ಎರಡಡಿಗೊಂದರಂತೆ ಕಿತ್ತೆಗಟ್ಟಾಗಿ ನೆಡಬೇಕು. ತುದಿ ಬುಡ ಅದಲುಬದಲಾಗದಂತೆ ಕೂಲಿಯವರಿಗೆ ತಿಳಿಸಿರಿ. ಕುಸಿತ ಹೆಚ್ಚಿರುವಲ್ಲಿ ಗೂಟಗಳ ನಡುವೆ ಬಿದಿರಿನ ಸೀಳು ಅಥವಾ ಬಳುಕುವ ರೆಂಬೆಗಳನ್ನು ತಟ್ಟಿಯಂತೆ ಹೆಣೆದು, ಹಿಂದೆ ಮಣ್ಣು ತುಂಬಬಹುದು.

(ಉ) ಯಾವ ಗಿಡ, ಎಲ್ಲಿ?

ದಂಡೆಯನ್ನು ಮೂರು ಪಟ್ಟಿಗಳಾಗಿ ವಿಂಗಡಿಸಿಕೊಳ್ಳಿರಿ.

ನೀರಿನ ಅಂಚು: ಲಾವಂಚ, ಗರಿಕೆ ಮತ್ತು ಅಲ್ಲಿಯೇ ಬೆಳೆಯುವ ಹುಲ್ಲುಗಳು. ಲಾವಂಚದ ಬೇರು ಪಕ್ಕಕ್ಕೆ ಹರಡದೆ ನೇರ ಕೆಳಕ್ಕೆ ಎರಡು ಮೂರು ಮೀಟರು ಇಳಿಯುತ್ತದೆ. ಅರ್ಧ ಅಡಿಗೊಂದು ಬುಡದಂತೆ ಒಂದೇ ಸಾಲಿನಲ್ಲಿ ನೆಟ್ಟರೆ ಜೀವಂತ ಗೋಡೆಯಾಗುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಎಲ್ಲೆಗೆ ಲಾವಂಚ ನೆಡುವ ರೂಢಿ ಬಹಳ ಹಳೆಯದು. 1980ರ ದಶಕದಲ್ಲಿ ವಿಶ್ವ ಬ್ಯಾಂಕಿನ ತಜ್ಞರು ಮಣ್ಣು ಸಂರಕ್ಷಣೆಗಾಗಿ ಇದನ್ನು ಬೇರೆ ದೇಶಗಳಲ್ಲಿಯೂ ಪ್ರಚಾರ ಮಾಡಿದರು. ಬೇರು ಮಾರುವ ಆಸೆಗೆ ದಂಡೆಯ ಲಾವಂಚವನ್ನು ಮಾತ್ರ ಕೀಳಬಾರದು.

ನಡುವಿನ ಇಳಿಜಾರು: ಲಕ್ಕಿ, ಗ್ಲಿರಿಸಿಡಿಯ ಮುಂತಾದ ಪೊದೆಗಳು. ನೆರೆ ಬಂದಾಗ ಇವು ಬಾಗಿ ನೀರಿಗೆ ದಾರಿ ಕೊಟ್ಟು ಮತ್ತೆ ಏಳುತ್ತವೆ. ವರ್ಷಕ್ಕೊಮ್ಮೆ ಸವರಿದ ಸೊಪ್ಪು ಹಸಿರೆಲೆ ಗೊಬ್ಬರಕ್ಕೆ ಬರುತ್ತದೆ.

ಮೇಲಿನ ಅಂಚು: ಹೊಂಗೆ, ಹೊಳೆಮತ್ತಿ, ನೇರಳೆ, ಅತ್ತಿ. ಬಿದಿರು ಒಳ್ಳೆಯದೇ, ಆದರೆ ಅಂಚಿನಿಂದ ಮೂರು ನಾಲ್ಕು ಮೀಟರು ಒಳಗಿರಲಿ. ಕೊರೆದ ದಂಡೆಯ ತುದಿಯಲ್ಲಿ ಬೆಳೆದ ಮೆಳೆ ತನ್ನ ಭಾರಕ್ಕೆ ತಾನೇ ದಂಡೆಯನ್ನು ಕಿತ್ತುಕೊಂಡು ಬೀಳುತ್ತದೆ. ನೀಲಗಿರಿ ಮತ್ತು ಬಳ್ಳಾರಿ ಜಾಲಿ ಬೇಡ.

ಮೂರೂ ಪಟ್ಟಿಗಳಿಗೆ ಪ್ರತಿ ದಂಡೆಯಲ್ಲಿ ಐದು ಮೀಟರು ಅಗಲ ಉಳುಮೆ ಇಲ್ಲದೆ ಬಿಡುವುದು ಒಳ್ಳೆಯದು. ನೂರು ಮೀಟರು ದಂಡೆ ಇರುವ ರೈತನಿಗೆ ಇದು ಐದು ಗುಂಟೆ. ಸಣ್ಣ ಹಿಡುವಳಿದಾರನಿಗೆ ಐದು ಗುಂಟೆ ಬಿಡುವುದು ಹಗುರದ ಮಾತಲ್ಲ. ಅಂಥವರು ಮೊದಲು ಎರಡು ಮೀಟರು ಹುಲ್ಲಿನ ಪಟ್ಟಿಯಿಂದ ಆರಂಭಿಸಲಿ. ಮೇವು, ಹೊಂಗೆ ಬೀಜ, ಸೊಪ್ಪು ಇವುಗಳಿಂದ ಸ್ವಲ್ಪ ಆದಾಯವಿದೆ. ಮುಖ್ಯವಾಗಿ, ಬಿಟ್ಟ ಐದು ಗುಂಟೆ ಜಾಗದಲ್ಲಿಯೇ ಇರುತ್ತದೆ. ಬಿಡದಿದ್ದರೆ ಅದು ಒಂದೊಂದೇ ಗುಂಟೆಯಾಗಿ ಕೆರೆಯ ತಳಕ್ಕೆ ಸೇರುತ್ತದೆ. ಅಲ್ಲದೆ ಈ ಪಟ್ಟಿ ಹೊಲದ ಗೊಬ್ಬರ ಮತ್ತು ಕೀಟನಾಶಕ ನೀರಿಗೆ ಸೇರುವುದನ್ನು ತಗ್ಗಿಸುತ್ತದೆ. ಕಪ್ಪೆ, ಜೇನು, ಕೊಡತಿಹುಳುಗಳಿಗೆ ನೆಲೆಯಾಗುತ್ತದೆ. ಕೊಡತಿಹುಳುವಿನ ಮರಿಗಳು ನೀರಿನಲ್ಲಿ ಸೊಳ್ಳೆಮರಿಗಳನ್ನು ತಿಂದು ಬೆಳೆಯುತ್ತವೆ.

(ಊ) ಮಡು ಮತ್ತು ಮರಳು

ಸಹಜವಾಗಿ ಹರಿಯುವ ಹಳ್ಳದಲ್ಲಿ ಸರಾಸರಿ ಅದರ ಅಗಲದ ಐದರಿಂದ ಏಳು ಪಟ್ಟು ದೂರಕ್ಕೊಂದು ಮಡು ಇರುತ್ತದೆ. ನಾಲ್ಕು ಮೀಟರು ಅಗಲದ ಹಳ್ಳವಾದರೆ 20ರಿಂದ 28 ಮೀಟರಿಗೊಂದು. ಹಳೆಯ ಮಡುಗಳಿದ್ದ ಜಾಗ ಹಿರಿಯರಿಗೆ ಗೊತ್ತಿರುತ್ತದೆ. ಹೂಳು ತೆಗೆಯುವುದಾದರೆ ಅಲ್ಲಿ ಮಾತ್ರ ತೆಗೆಯಿರಿ. ಇಡೀ ಪಾತ್ರವನ್ನು ಒಂದೇ ಸಮನೆ ಆಳ ಮಾಡಿದರೆ ಅಕ್ಕಪಕ್ಕದ ಭೂಮಿಯ ನೀರೂ ಬಸಿದು ಹೋಗುತ್ತದೆ.

ವರ್ಷದ ವೇಳಾಪಟ್ಟಿ

ಜನವರಿ–ಫೆಬ್ರವರಿ: ಹಳ್ಳ ನಡೆದು ನೋಡುವುದು, ಅಳತೆ, ಸಭೆ, ಒಪ್ಪಿಗೆ.
ಮಾರ್ಚಿ–ಮೇ: ಕಂದಕ, ಬದು, ಕಲ್ಲು ತಡೆ, ದಂಡೆಯ ಇಳಿಜಾರು.
ಜೂನ್–ಆಗಸ್ಟ್: ಮಳೆ ಹದ ನೋಡಿ ಗೂಟ, ಲಾವಂಚ, ನಂತರ ಸಸಿಗಳ ನಾಟಿ.
ಸೆಪ್ಟೆಂಬರ್–ಅಕ್ಟೋಬರ್: ಪ್ರತಿ ದೊಡ್ಡ ಮಳೆಯ ನಂತರ ತನಿಖೆ, ಜಾರಿದ ಕಲ್ಲು ಮತ್ತೆ ಜೋಡಿಸುವುದು.
ನವೆಂಬರ್–ಡಿಸೆಂಬರ್: ಹರಿವು ಸಣ್ಣದಾದ ಮೇಲೆ ತಾತ್ಕಾಲಿಕ ಒಡ್ಡು.

ಕೊನೆಯ ಕೆಲಸವನ್ನು ಕರಾವಳಿಯ ಕೃಷಿಕರಿಂದ ಕಲಿಯಬೇಕು. ಅಲ್ಲಿ ಮಳೆ ನಿಂತ ಮೇಲೆ ತೋಡು, ಹೊಳೆಗಳಿಗೆ ಕಲ್ಲು, ಮಣ್ಣುಗಳಿಂದ ಕಟ್ಟ ಹಾಕಿ, ಬೇಸಿಗೆಯಲ್ಲಿ ಅಡಿಕೆ ತೋಟಗಳಿಗೆ ನೀರು ಉಳಿಸಿಕೊಳ್ಳುತ್ತಾರೆ. ಮುಂಗಾರು ಬಂದಾಗ ಕಟ್ಟ ಇರುವುದಿಲ್ಲ, ನೆರೆಗೆ ಅಡ್ಡಿಯೂ ಇಲ್ಲ. ಮಳೆಗಾಲದ ನೀರನ್ನು ಬಿಟ್ಟು, ಮಳೆ ನಿಂತ ಮೇಲಿನ ನೀರನ್ನು ಹಿಡಿಯುವ ಈ ವಿವೇಕ ಬಯಲುಸೀಮೆಗೂ ಬೇಕಾದುದು.

ನೀರು ಬಂದ ಮೇಲೆ ಉಳಿಸಿಕೊಳ್ಳುವುದು

ಮೇಲೆ ಹೇಳಿದ ಯಾವ ಕೆಲಸವೂ ಹೊಸ ನೀರನ್ನು ಸೃಷ್ಟಿಸುವುದಿಲ್ಲ. ಬಿದ್ದ ಮಳೆಯನ್ನು ನಿಧಾನಗೊಳಿಸಿ ಭೂಮಿಗೆ ಇಳಿಸುತ್ತದೆ, ಅಷ್ಟೆ. ಇಳಿದ ನೀರನ್ನೆಲ್ಲ ಕೊಳವೆ ಬಾವಿಗಳು ಎಳೆದರೆ ಹಳ್ಳ ಹರಿಯುವುದಿಲ್ಲ. ನಂದಿ ಬೆಟ್ಟದಲ್ಲಿ ಹುಟ್ಟಿ ಕನಕಪುರದ ಸಂಗಮದಲ್ಲಿ ಕಾವೇರಿಯನ್ನು ಸೇರುವ ಅರ್ಕಾವತಿ ಇದಕ್ಕೆ ಸಾಕ್ಷಿ. ಬೆಂಗಳೂರಿಗೆ ನೀರು ಕೊಡಲು 1933ರಲ್ಲಿ ಅದಕ್ಕೆ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯ ಕಟ್ಟಲಾಯಿತು. ಮುಂದಿನ ದಶಕಗಳಲ್ಲಿ ಒಳಹರಿವು ಕುಸಿಯಿತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಇದನ್ನು ಅಭ್ಯಾಸ ಮಾಡಿ, ಮಳೆ ಕಡಿಮೆಯಾದುದು ಮುಖ್ಯ ಕಾರಣವಲ್ಲ, ಅಂತರ್ಜಲದ ಅತಿ ಬಳಕೆ ಮತ್ತು ನೀಲಗಿರಿ ತೋಪುಗಳು ಮುಖ್ಯ ಕಾರಣಗಳಾಗಿರಬಹುದೆಂದು 2015ರಲ್ಲಿ ತಿಳಿಸಿದರು.

ಇದಕ್ಕೆ ಬದಲಾದ ಉದಾಹರಣೆ ರಾಜಸ್ಥಾನದ ಆಲ್ವಾರ್ ಜಿಲ್ಲೆಯ ಅರ್ವರಿ ನದಿ. ಅದು ಮಳೆಗಾಲ ಬಿಟ್ಟರೆ ಒಣಗಿರುತ್ತಿತ್ತು. 1980ರ ದಶಕದ ಮಧ್ಯದಿಂದ ರಾಜೇಂದ್ರ ಸಿಂಗ್ ಅವರ ತರುಣ್ ಭಾರತ್ ಸಂಘದ ನೆರವಿನಿಂದ ಹಳ್ಳಿಗರು ಗುಡ್ಡದ ಬುಡಗಳಲ್ಲಿ ಜೋಹಡ್ ಎಂಬ ಮಣ್ಣಿನ ಸಣ್ಣ ಕಟ್ಟೆಗಳನ್ನು ನೂರಾರು ಸಂಖ್ಯೆಯಲ್ಲಿ ಕಟ್ಟಿದರು. 1990ರ ದಶಕದಲ್ಲಿ ನದಿ ವರ್ಷವಿಡೀ ಹರಿಯತೊಡಗಿತು. ಗಮನಿಸಬೇಕಾದುದು ಅದರ ನಂತರ ಅವರು ಮಾಡಿದ ಕೆಲಸ. 1999ರಲ್ಲಿ ನದಿಯ ಆಚೀಚಿನ ಸುಮಾರು 70 ಹಳ್ಳಿಗಳು ಸೇರಿ ಅರ್ವರಿ ಸಂಸತ್ತು ಎಂಬ ಸಭೆ ರಚಿಸಿಕೊಂಡು, ಕಬ್ಬಿನಂತಹ ಹೆಚ್ಚು ನೀರಿನ ಬೆಳೆ ಬೇಡವೆಂದೂ ಬೇಸಿಗೆಯಲ್ಲಿ ನದಿಯಿಂದ ನೇರ ನೀರೆತ್ತಬಾರದೆಂದೂ ಕಟ್ಟುಪಾಡು ಮಾಡಿಕೊಂಡವು. ನದಿಯನ್ನು ತಂದದ್ದು ಮಣ್ಣಿನ ಕಟ್ಟೆ. ಉಳಿಸಿಕೊಳ್ಳಲು ಮಾತಿನ ಕಟ್ಟೆಯೂ ಬೇಕಾಯಿತು.

ಕೆಳಗಿನವರ ಪಾಲನ್ನೂ ಮರೆಯಬಾರದು. ಮೇಲಿನ ಊರಿನವರು ಎತ್ತರದ ಅಡ್ಡಗಟ್ಟೆಗಳನ್ನು ಲೆಕ್ಕವಿಲ್ಲದೆ ಕಟ್ಟಿದರೆ ಕೆಳಗಿನ ಕೆರೆ ಒಣಗುತ್ತದೆ. ನೆರೆಯನ್ನು ದಾಟಿಸಿ ಹೂಳನ್ನು ಮಾತ್ರ ಹಿಡಿಯುವ ತಗ್ಗು ತಡೆಗಳನ್ನು ಇಲ್ಲಿ ಸೂಚಿಸಿರುವುದಕ್ಕೆ ಇದೂ ಒಂದು ಕಾರಣ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಕೆಳಗಿನಿಂದ ಕೆಲಸ ಆರಂಭಿಸುವುದು.
2. ತಡೆಯ ಮಧ್ಯದಲ್ಲಿ ತಗ್ಗು ಬಿಡದಿರುವುದು.
3. ಹೂಳೆತ್ತುವ ನೆಪದಲ್ಲಿ ಮರಳು ಸಾಗಿಸುವುದು.
4. ನೆಟ್ಟ ಮೊದಲ ಎರಡು ವರ್ಷ ದನ ಮೇಕೆಗಳಿಂದ ಕಾಯದಿರುವುದು. ದನ ನೀರಿಗಿಳಿಯಲು ಒಂದೇ ಕಡೆ ಕಲ್ಲು ಹಾಸಿದ ದಾರಿ ಮಾಡಿಕೊಡಿರಿ.
5. ಒಂದು ವರ್ಷಕ್ಕೇ ಫಲ ಕಾಣಲಿಲ್ಲವೆಂದು ಕೈಬಿಡುವುದು.

ಮುಕ್ತಾಯ

ಕೆಲಸ ಸಫಲವಾಯಿತೇ ಎಂದು ತಿಳಿಯಲು ಒಂದು ನೋಟು ಪುಸ್ತಕ ಸಾಕು. ಪ್ರತಿ ವರ್ಷ ಹಳ್ಳದ ಹರಿವು ನಿಂತ ದಿನಾಂಕ, ಹತ್ತಿರದ ಎರಡು ತೆರೆದ ಬಾವಿಗಳ ನೀರಿನ ಮಟ್ಟ, ಆ ವರ್ಷದ ಮಳೆ ಇವಿಷ್ಟನ್ನು ಬರೆದಿಡಿರಿ. ಮಳೆ ಅಷ್ಟೇ ಇದ್ದು ಹರಿವು ಒಂದು ವಾರ ಮುಂದಕ್ಕೆ ಹೋದರೂ ಅದು ಗೆಲುವೇ. ಊರ ಶಾಲೆಯ ಮಕ್ಕಳಿಗೆ ಈ ಲೆಕ್ಕ ವಹಿಸಿದರೆ ಇನ್ನೂ ಉತ್ತಮ.

ಹೆಚ್ಚಿನ ತಾಂತ್ರಿಕ ಸಲಹೆಗೆ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಆದರೆ ಮೊದಲ ಹೆಜ್ಜೆಗೆ ಯಾವ ಸಲಹೆಯೂ ಬೇಡ. ಬರುವ ಬೇಸಿಗೆಯಲ್ಲಿ ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ನಿಮ್ಮ ಹಳ್ಳದ ಉದ್ದಕ್ಕೂ ಒಮ್ಮೆ ನಡೆಯಿರಿ. ಎಲ್ಲಿ ಮಡುವಿತ್ತು, ಎಲ್ಲಿ ಒರತೆಯಿತ್ತು, ಯಾವ ತಿರುವಿನಲ್ಲಿ ಯಾವ ಮರವಿತ್ತು ಎಂದು ಕೇಳಿ ಬರೆದುಕೊಳ್ಳಿರಿ. ಕೆಲಸದ ನಕ್ಷೆ ಅಲ್ಲಿಯೇ ಸಿಗುತ್ತದೆ.